ನಗುವವನ ಹೊಣೆ

ನಗೆಯು ಮನುಷ್ಯನಿಗೆ ಸಹಜವಾದುದು. ಹಸಿವು ನಿದ್ರೆಗಳಂತೆ ಅದೂ ಒಂದು ದೇಹಧರ್ಮವೆಂದು ಹೇಳುವವರುಂಟು. ಆದರೆ ಹಸಿದವನಿಗೆ ಅನ್ನವು ಸಾಕು, ನಿದ್ರೆ ಬಂದವನಿಗೆ ಹಾಸಿಗೆಯು ಸಾಕು. ನಗುವವನಿಗೆ ಬಹುಮಟ್ಟಿಗೆ ಇನ್ನೊಬ್ಬ ಮನುಷ್ಯನು ಬೇಕು. ಒಬ್ಬನ ನಡೆ, ಒಬ್ಬನ ನುಡಿ, ಒಬ್ಬನ ತಪ್ಪು, ಒಬ್ಬನ ಪತನ, ಇವುಗಳಿಲ್ಲದೆ ನಗೆಯು ಹುಟ್ಟುವುದು ವಿರಳ. ಆದುದರಿಂದ ನಗುವವನನ್ನು ಕುರಿತು 'ಯಾರನ್ನು ಕಂಡು ನಕ್ಕೆ? ಏತಕ್ಕೆ ನಕ್ಕೆ?' ಎಂದು ಕೇಳುವುದು ನ್ಯಾಯವಾದ ಪ್ರಶ್ನೆಯೇ ಸರಿ.

ಆದರೆ ನಾಟಕಶಾಲೆಯಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಪ್ರಹಸನವನ್ನು ನೋಡಬಂದವನು ಹಣ ತೆತ್ತು ಒಳಗೆ ಕುಳಿತಿದ್ದಾನೆ. ದೀಪವಾರಿದ ಮೇಲೆ ನೂರಾರು ಜನರಲ್ಲಿ ಅವನೂ ಒಬ್ಬನು. ಬರೆದ ಹೊಣೆಯು ಕವಿಯದು, ಆಡುವ ಹೊಣೆಯು ನಟನದು. ನಗುವುದಷ್ಟೇ ತನ್ನ ಪಾಲಿನದೆಂದು ಅವನು ಭಾವಿಸುತ್ತಾನೆ. ಈ ಭಾವನೆಯು ಎಷ್ಟರಮಟ್ಟಿಗೆ ಸರಿ? ಪ್ರೇಕ್ಷಕನ ನಗೆಗೆ ಯಾವ ಲೆಕ್ಕವೂ ಇಲ್ಲವೆ?

ಭಾರತೀಯ ಪರಂಪರೆಯಲ್ಲಿ ನಗೆಯನ್ನು ಅಳೆದು ನೋಡಿದ ಮೊದಲ ಮಹಾಗ್ರಂಥವು ಭರತಮುನಿಯ ನಾಟ್ಯಶಾಸ್ತ್ರ. ಅದರ ಆರನೆಯ ಅಧ್ಯಾಯದಲ್ಲಿ ಹಾಸ್ಯರಸವನ್ನು ವಿವರಿಸುವಾಗ ಭರತನು ನಗೆಯನ್ನು ಆರು ಬಗೆಯಾಗಿ ವಿಂಗಡಿಸುತ್ತಾನೆ: ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ. ಕೆನ್ನೆ ತುಸು ಅರಳಿ ಹಲ್ಲು ಕಾಣದಿರುವುದು ಸ್ಮಿತ. ಕಣ್ಣಲ್ಲಿ ನೀರೂರಿ, ಪಕ್ಕೆಗಳನ್ನು ಹಿಡಿದುಕೊಂಡು ಅಬ್ಬರಿಸುವುದು ಅತಿಹಸಿತ. ಮೊದಲಿನ ಎರಡು ಉತ್ತಮ ಪ್ರಕೃತಿಯವರಿಗೆ, ನಡುವಿನ ಎರಡು ಮಧ್ಯಮರಿಗೆ, ಕಡೆಯ ಎರಡು ಅಧಮರಿಗೆ ಎಂದು ಹಂಚಿಕೆ. ರಂಗದ ಮೇಲೆ ಪಾತ್ರವು ಹೇಗೆ ನಗಬೇಕೆಂದು ನಟನಿಗೆ ತಿಳಿಸುವ ಈ ವಿಂಗಡಣೆಯು ಸೊಗಸಾಗಿದೆ. ಆದರೆ ನೀತಿಯ ದೃಷ್ಟಿಯಿಂದ ನೋಡಿದಾಗ ಇಷ್ಟು ಸಾಲದು. ಹಲ್ಲು ಕಾಣದಂತೆ ನಕ್ಕವನ ಎದೆಯಲ್ಲಿ ತಿರಸ್ಕಾರವು ತುಂಬಿರಬಹುದು. ಪಕ್ಕೆ ಹಿಡಿದುಕೊಂಡು ನಕ್ಕ ಕೂಲಿಯವನ ಎದೆಯು ತಿಳಿನೀರಿನಂತಿರಬಹುದು. ನಗೆಯ ತೂಕವು ತುಟಿಯಲ್ಲಿಲ್ಲ, ಅದರ ಹಿಂದಿನ ಮನಸ್ಸಿನಲ್ಲಿದೆ.

ಅದೇ ಗ್ರಂಥದ ಇಪ್ಪತ್ತೇಳನೆಯ ಅಧ್ಯಾಯವು ನಾಟಕದ ಸಿದ್ಧಿಯನ್ನು, ಎಂದರೆ ಪ್ರಯೋಗವು ಗೆದ್ದಿತೆಂಬುದನ್ನು ಪ್ರೇಕ್ಷಕರಿಂದ ಹೇಗೆ ತಿಳಿಯಬೇಕೆಂಬುದನ್ನು ವಿಚಾರ ಮಾಡುತ್ತದೆ. ಸಿದ್ಧಿಯು ಎರಡು ಬಗೆ. ಜನರು ಮುಗುಳ್ನಕ್ಕರು, ಗಹಗಹಿಸಿದರು, ಭಲೆ ಎಂದರು, ಮರುಗಿದರು, ಮೈನವಿರೆದ್ದು ನಿಂತರು ಎಂದರೆ ಅದು ಮಾನುಷೀ ಸಿದ್ಧಿ. ಸಭೆಯು ತುಂಬಿದ್ದು, ಅಲ್ಲಿ ಸದ್ದಿಲ್ಲ, ಕ್ಷೋಭೆಯಿಲ್ಲ ಎಂದರೆ ಅದು ದೈವಿಕೀ ಸಿದ್ಧಿ. ನಗೆಗಿಂತ ಮೇಲೊಂದು ಮೌನವುಂಟೆಂಬ ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಅದರ ಅರ್ಥವು ದೂರದ ಒಂದು ದೇಶದಲ್ಲಿ ನಡೆದ ಸಂಗತಿಯಿಂದ ಚೆನ್ನಾಗಿ ತಿಳಿದುಬರುತ್ತದೆ.

೧೮೩೬ನೆಯ ಇಸವಿಯ ಏಪ್ರಿಲ್ ತಿಂಗಳಿನಲ್ಲಿ ರಷ್ಯಾದೇಶದ ಅಂದಿನ ರಾಜಧಾನಿಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ನಿಕೊಲಾಯ್ ಗೊಗೊಲ್ ಎಂಬ ಲೇಖಕನ 'ರೆವಿಜೋರ್' ಎಂಬ ಪ್ರಹಸನವು ಮೊದಲ ಬಾರಿಗೆ ರಂಗವನ್ನೇರಿತು. ರೆವಿಜೋರ್ ಎಂದರೆ ತನಿಖೆಗಾಗಿ ಬರುವ ಅಧಿಕಾರಿ. ಕಥೆಯು ಸರಳವಾದುದು. ಮೂಲೆಯ ಒಂದು ಸಣ್ಣ ಊರು. ಅಲ್ಲಿನ ನಗರಾಧಿಕಾರಿಯು ಲಂಚಕೋರ. ನ್ಯಾಯಾಧೀಶನು ಹಣವನ್ನು ಮುಟ್ಟುವುದಿಲ್ಲ, ಬೇಟೆನಾಯಿಯ ಮರಿಗಳನ್ನು ಮಾತ್ರ ಸ್ವೀಕರಿಸುತ್ತಾನೆ. ಆದುದರಿಂದ ಅದು ಲಂಚವಲ್ಲವೆಂದು ಅವನ ಸಮಾಧಾನ. ಪೋಸ್ಟುಮಾಸ್ತರನು ಊರವರ ಕಾಗದಗಳನ್ನೆಲ್ಲ ಒಡೆದು ಓದುವವನು. ಧರ್ಮಾಸ್ಪತ್ರೆಯ ಮೇಲ್ವಿಚಾರಕನಿಗೆ ಬೆಲೆಯುಳ್ಳ ಔಷಧಿಗಳಲ್ಲಿ ನಂಬಿಕೆಯಿಲ್ಲ. ಸಾಯುವ ಬಡವನು ಹೇಗೂ ಸಾಯುತ್ತಾನೆ, ಬದುಕುವವನು ಹೇಗೂ ಬದುಕುತ್ತಾನೆಂಬುದು ಅವನ ವೈದ್ಯಶಾಸ್ತ್ರ. ರಾಜಧಾನಿಯಿಂದ ತನಿಖಾಧಿಕಾರಿಯು ಗುಟ್ಟಾಗಿ ಬರುವನೆಂಬ ಸುದ್ದಿ ಮುಟ್ಟಿದೊಡನೆ ಇವರೆಲ್ಲರೂ ನಡುಗುತ್ತಾರೆ. ವಸತಿಗೃಹದಲ್ಲಿ ಊಟದ ಹಣ ಕೊಡಲಾರದೆ ಕುಳಿತಿದ್ದ ಖ್ಲೆಸ್ತಕೋವ್ ಎಂಬ ಪೊಳ್ಳು ತರುಣನೇ ಆ ಅಧಿಕಾರಿಯೆಂದು ಭ್ರಮಿಸಿ ಅವನನ್ನು ಸತ್ಕರಿಸುತ್ತಾರೆ. ಅವನು ಎಲ್ಲರಿಂದಲೂ ಸಾಲವೆಂಬ ಹೆಸರಿನಲ್ಲಿ ಹಣವನ್ನು ಬಾಚಿಕೊಂಡು, ನಗರಾಧಿಕಾರಿಯ ಮಗಳನ್ನು ವರಿಸುವುದಾಗಿ ಹೇಳಿ ಹೊರಟುಹೋಗುತ್ತಾನೆ. ಅವನು ಬರೆದ ಕಾಗದವನ್ನು ಪೋಸ್ಟುಮಾಸ್ತರನು ಒಡೆದಾಗಲೇ ನಿಜವು ಬಯಲಾಗುತ್ತದೆ. ಅಷ್ಟರಲ್ಲಿ ನಿಜವಾದ ಅಧಿಕಾರಿಯು ಬಂದಿಳಿದನೆಂಬ ವಾರ್ತೆ! ಎಲ್ಲರೂ ಇದ್ದಲ್ಲಿಯೇ ಕಲ್ಲಾಗಿ ನಿಲ್ಲುತ್ತಾರೆ. ಸುಮಾರು ಒಂದೂವರೆ ನಿಮಿಷದ ಈ ಮೂಕದೃಶ್ಯದೊಡನೆ ನಾಟಕವು ಮುಗಿಯುತ್ತದೆ.

ಮೊದಲ ಪ್ರಯೋಗಕ್ಕೆ ಚಕ್ರವರ್ತಿ ಒಂದನೆಯ ನಿಕೊಲಸನೇ ಬಂದಿದ್ದನು, ಮನಸಾರೆ ನಕ್ಕನು. ಎಲ್ಲರಿಗೂ ಪೆಟ್ಟು ಬಿದ್ದಿತು, ಎಲ್ಲರಿಗಿಂತ ಮಿಗಿಲಾಗಿ ತನಗೇ ಬಿದ್ದಿತೆಂದು ಅವನು ಹೊರಡುವಾಗ ಹೇಳಿದನೆಂದು ಪ್ರತೀತಿ. ಉಳಿದವರ ಪ್ರತಿಕ್ರಿಯೆಯು ಹಾಗಿರಲಿಲ್ಲ. ಕೆಲವರು ಅದನ್ನು ಬರಿಯ ವಿನೋದವೆಂದು ಬಗೆದು ನಕ್ಕು ಮನೆಗೆ ಹೋದರು. ಹಲವರು ಸಿಟ್ಟಾದರು, ರಾಜ್ಯದ ಅಧಿಕಾರಿವರ್ಗವನ್ನೇ ಅವಮಾನಗೊಳಿಸಿದನೆಂದು ಕವಿಯನ್ನು ಜರೆದರು. ವಯಸ್ಸಾದ ಅಧಿಕಾರಿಗಳು, ಪೊಲೀಸಿನವರು, ವರ್ತಕರು, ಸಾಹಿತಿಗಳು ಎಲ್ಲರೂ ತನಗೆ ವಿರುದ್ಧವೆಂದು ಗೊಗೊಲನು ಗೆಳೆಯನಾದ ನಟನೊಬ್ಬನಿಗೆ ಬರೆದನು; ಬೈಯುವವರೂ ಬಿಡದೆ ನೋಡಲು ಬರುವುದರಿಂದ ನಾಲ್ಕನೆಯ ಪ್ರಯೋಗಕ್ಕೆ ಚೀಟಿಯೇ ಸಿಕ್ಕುವುದಿಲ್ಲವೆಂದೂ ತಿಳಿಸಿದನು. ಆ ವರ್ಷದ ಬೇಸಿಗೆಯಲ್ಲಿಯೇ ಅವನು ದೇಶವನ್ನು ಬಿಟ್ಟು ಹೊರಟನು.

ಅವನ ಸಂಕಟಕ್ಕೆ ಕಾರಣವೇನು? ಬೈದವರಿಗಿಂತ ನಕ್ಕವರೇ ಅವನನ್ನು ಹೆಚ್ಚಾಗಿ ಚಿಂತೆಗೀಡುಮಾಡಿರಬೇಕು. ಬೈದವನಿಗೆ ಪೆಟ್ಟು ತಾಗಿದೆ, ಆದುದರಿಂದ ಅವನು ಬೈದನು. ಸುಮ್ಮನೆ ನಕ್ಕು ಮನೆಗೆ ಹೋದವನಿಗೆ ಏನೂ ತಾಗಿಲ್ಲ. ಲಂಚಕೋರ ನ್ಯಾಯಾಧೀಶನನ್ನು ಕಂಡು ನಗುವ ಲಂಚಕೋರನು ತನ್ನ ಪಕ್ಕದ ಊರಿನವನನ್ನು ನೆನೆದು ನಗುತ್ತಾನೆ. ತಾನು ತೆಗೆದುಕೊಳ್ಳುವುದು ನಾಯಿಮರಿಯೂ ಅಲ್ಲ, ಬರಿಯ ಕಾಣಿಕೆ ಎಂದುಕೊಳ್ಳುತ್ತಾನೆ. ಹೀಗೆ ಸಭೆಯಲ್ಲಿ ಪ್ರತಿಯೊಬ್ಬನೂ ತನ್ನ ಬಲಗಡೆಯವನನ್ನು ಕುರಿತು ನಕ್ಕರೆ, ನಗೆಯು ಇಡಿಯ ಸಭೆಯನ್ನು ಸುತ್ತಿ ಬಂದರೂ ಯಾರ ಮೇಲೂ ಇಳಿಯುವುದಿಲ್ಲ.

ಗೊಗೊಲನು ಈ ವಿಷಯವನ್ನು ಮರೆಯಲಿಲ್ಲ. ೧೮೪೨ರಲ್ಲಿ ಅವನು ಪ್ರಕಟಿಸಿದ ಒಂದು ಕಿರುರೂಪಕದ ವಸ್ತುವೇ ಪ್ರೇಕ್ಷಕರ ಮಾತು. ಹೊಸ ಪ್ರಹಸನವೊಂದು ಮುಗಿದಿದೆ. ಅದರ ಕವಿಯು ನಾಟಕಶಾಲೆಯ ಹೊರಾಂಗಣದಲ್ಲಿ ಮರೆಯಾಗಿ ನಿಂತು, ಹೊರಬರುವವರ ನುಡಿಗಳನ್ನು ಆಲಿಸುತ್ತಾನೆ. ಒಬ್ಬನು ಅಸಭ್ಯವೆನ್ನುತ್ತಾನೆ, ಒಬ್ಬನು ಅಪಾಯಕರವೆನ್ನುತ್ತಾನೆ. ನಾಟಕದಲ್ಲಿ ಒಬ್ಬನಾದರೂ ಸತ್ಪುರುಷನಿಲ್ಲವೆಂಬ ದೂರೂ ಕೇಳಿಬರುತ್ತದೆ. ಕಡೆಯಲ್ಲಿ ಕವಿಯು ನೊಂದು, ಅಲ್ಲಿ ಸತ್ಪಾತ್ರವೊಂದು ಮೊದಲಿನಿಂದ ಕೊನೆಯವರೆಗೂ ಇತ್ತು, ಅದನ್ನು ಯಾರೂ ಗುರುತಿಸಲಿಲ್ಲ, ಅದು ನಗೆಯೇ ಎಂದುಕೊಳ್ಳುತ್ತಾನೆ. ಅದೇ ವರ್ಷ ಅಚ್ಚಾದ 'ರೆವಿಜೋರ್' ನಾಟಕದ ಪರಿಷ್ಕೃತ ರೂಪದಲ್ಲಿ, ಮೋಸಹೋದ ನಗರಾಧಿಕಾರಿಯು ನಗುತ್ತಿರುವವರ ಕಡೆಗೆ ತಿರುಗಿ, ಅವರ ನಗೆಯು ಅವರ ಮೇಲೆಯೇ ಬೀಳುವುದೆಂದು ಗುಡುಗುತ್ತಾನೆ.

ನಗೆಯು ಸತ್ಪಾತ್ರವೆಂಬುದು ದೊಡ್ಡ ಮಾತು. ಆದರೆ ಅದನ್ನು ಒಂದು ನಿಬಂಧನೆಯಿಲ್ಲದೆ ಒಪ್ಪಲಾಗದು. ಆ ನಾಟಕದಲ್ಲಿಯೇ ಒಂದು ಸನ್ನಿವೇಶವಿದೆ. ಊರಿನ ನೊಂದವರು ಖ್ಲೆಸ್ತಕೋವನ ಬಳಿಗೆ ದೂರು ತರುತ್ತಾರೆ. ಒಬ್ಬಳ ಗಂಡನನ್ನು ಕಾನೂನಿಗೆ ವಿರುದ್ಧವಾಗಿ ಸೈನ್ಯಕ್ಕೆ ಎಳೆದೊಯ್ದಿದ್ದಾರೆ. ಲಂಚ ಕೊಟ್ಟವರ ಮಕ್ಕಳು ಮನೆಯಲ್ಲಿಯೇ ಉಳಿದಿದ್ದಾರೆ. ಇನ್ನೊಬ್ಬಳು ವಿಧವೆ, ಅವಳನ್ನು ತಪ್ಪಾಗಿ ಹಿಡಿದು ಥಳಿಸಿ, ಅವಳೇ ತನ್ನನ್ನು ತಾನು ಥಳಿಸಿಕೊಂಡಳೆಂದು ಅಧಿಕಾರಿಯು ಹೇಳುತ್ತಾನೆ. ಕಿಟಕಿಯೊಳಗೆ ಅರ್ಜಿ ಹಿಡಿದ ಕೈಗಳು ಚಾಚುತ್ತವೆ. ಖ್ಲೆಸ್ತಕೋವನು ಬೇಸರಗೊಂಡು ಅವರನ್ನು ಅಟ್ಟಿಬಿಡುತ್ತಾನೆ. ಇಲ್ಲಿಯೂ ಪ್ರೇಕ್ಷಕನು ನಗುತ್ತಾನೆ. ಅಧಿಕಾರಿಯ ಸುಳ್ಳನ್ನು ಕಂಡು ನಕ್ಕರೆ ಅದು ಸತ್ಯದ ಪಕ್ಷದ ನಗೆ. ವಿಧವೆಯ ಅಳಲನ್ನು, ಅವಳ ಗ್ರಾಮ್ಯವಾದ ಮಾತನ್ನು ಕಂಡು ನಕ್ಕರೆ ಅದು ಥಳಿಸಿದವನ ಪಕ್ಷದ ನಗೆ. ಒಂದೇ ದೃಶ್ಯ, ಒಂದೇ ಸದ್ದು; ಆದರೆ ಒಂದು ಪುಣ್ಯ, ಇನ್ನೊಂದು ಪಾಪ. ತೊದಲುವವನು, ಕುಂಟುವವನು, ಹಳ್ಳಿಗನು, ಅಡಿಗೆಯವನು, ಹೆಂಡತಿಗೆ ಹೆದರುವವನು, ಇವರನ್ನು ತಂದು ನಿಲ್ಲಿಸಿ ನಗಿಸುವ ನಾಟಕಗಳು ಎಲ್ಲ ನಾಡುಗಳಲ್ಲಿಯೂ ಉಂಟು. ವಿಕಾರವಾದ ವೇಷವೂ ಅಂಗವೈಕಲ್ಯವೂ ನಗೆಗೆ ಕಾರಣಗಳೆಂದು ಭರತನೂ ಎಣಿಸುತ್ತಾನೆ. ನಗೆಯು ಹುಟ್ಟುವುದು ದಿಟ. ಆದರೆ ಹುಟ್ಟಿದ್ದೆಲ್ಲವೂ ಧರ್ಮವಲ್ಲ. ಅನ್ಯಾಯದ ಬಲವನ್ನು ಕುಗ್ಗಿಸುವ ನಗೆಯು ಮೇಲು. ಕುಗ್ಗಿದವನನ್ನೇ ಮತ್ತಷ್ಟು ಕುಗ್ಗಿಸುವ ನಗೆಯು ಕೀಳು.

ಇಲ್ಲಿ ಒಂದು ಆಕ್ಷೇಪವುಂಟು. ಹಗಲೆಲ್ಲ ದುಡಿದು ದಣಿದವನು ರಾತ್ರಿ ಎರಡು ಗಳಿಗೆ ನಗಲು ಬಂದರೆ ಅವನ ತಲೆಯ ಮೇಲೆ ಧರ್ಮಶಾಸ್ತ್ರದ ಹೊರೆಯನ್ನೇಕೆ ಹೊರಿಸಬೇಕು? ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ನಗೆಯಿಂದ ದಣಿವಾರುತ್ತದೆ, ಎದೆಯ ಬಿಗಿಯು ಸಡಿಲುತ್ತದೆ, ಅಪರಿಚಿತರೂ ಒಂದು ಗಳಿಗೆ ನೆಂಟರಾಗುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಹೆದರಿ ಬಾಳುವವನಿಗೆ ಹೆದರಿಸುವವನನ್ನು ನಗೆಗೀಡುಮಾಡಿ ತೋರಿಸುವುದೇ ಒಂದು ಉಪಕಾರ. ನಕ್ಕ ಮೇಲೆ ಭಯವು ಮೊದಲಿನಷ್ಟು ಉಳಿಯುವುದಿಲ್ಲ. ಆದರೆ ಎದೆಯ ಬಿಗಿಯು ಸಡಿಲುವಾಗ ಅದರೊಡನೆ ಕರ್ತವ್ಯದ ಬಿಗಿಯೂ ಸಡಿಲುವ ಅಪಾಯವುಂಟು. ಅನ್ಯಾಯವನ್ನು ಕಂಡು ಹುಟ್ಟಬೇಕಾದ ಕೋಪವು ನಗೆಯಾಗಿ ಹರಿದುಹೋದರೆ, ನಕ್ಕವನು ಏನನ್ನೋ ಸಾಧಿಸಿದವನಂತೆ ತೃಪ್ತನಾಗಿ ಮನೆಗೆ ಮರಳುತ್ತಾನೆ. ಅನ್ಯಾಯವು ಇದ್ದಲ್ಲಿಯೇ ಇರುತ್ತದೆ.

ಕನ್ನಡನಾಡಿನ ರಂಗಭೂಮಿಯಿಂದಲೇ ಇದಕ್ಕೆ ನಿದರ್ಶನವನ್ನು ಕೊಡಬಹುದು. ೧೯೩೪ರಲ್ಲಿ ಹುಟ್ಟಿ ೨೦೧೯ರಲ್ಲಿ ಕಾಲವಾದ ಮಾಸ್ಟರ್ ಹಿರಣ್ಣಯ್ಯನವರ 'ಲಂಚಾವತಾರ' ನಾಟಕವು ಸಾವಿರಾರು ಪ್ರಯೋಗಗಳನ್ನು ಕಂಡಿತು. ಮಂತ್ರಿಗಳನ್ನೂ ಅಧಿಕಾರಿಗಳನ್ನೂ ಅಂದಂದಿನ ಸುದ್ದಿಯೊಡನೆ ಹೆಣೆದು ಅವರು ರಂಗದ ಮೇಲೆಯೇ ಚುಚ್ಚಿದರು; ಜನರು ಬಿದ್ದುಬಿದ್ದು ನಕ್ಕರು. ಅಧಿಕಾರಸ್ಥರನ್ನು ಎದುರುಹಾಕಿಕೊಳ್ಳುವ ಧೈರ್ಯವು ನಟನಲ್ಲಿತ್ತು. ಅವನ ಹೊಣೆಯನ್ನು ಅವನು ಸಲ್ಲಿಸಿದನು. ನಕ್ಕವರ ಹೊಣೆಯೇನಾಯಿತು? ರಾತ್ರಿ ಲಂಚಾವತಾರವನ್ನು ಕಂಡು ಚಪ್ಪಾಳೆ ತಟ್ಟಿದವನು ಬೆಳಗ್ಗೆ ಕಚೇರಿಯಲ್ಲಿ ತನ್ನ ಕಾಗದವು ಬೇಗನೆ ಮುಂದೆ ಸರಿಯಲೆಂದು ಮೇಜಿನ ಕೆಳಗೆ ನೋಟನ್ನು ನೀಡಿದರೆ, ಅವನೂ ಆ ಅವತಾರದ ಒಂದು ಅಂಶವೇ ಆದನು. ಭ್ರಷ್ಟಾಚಾರ ನಿರೋಧಕ ಕಾಯಿದೆಗೆ ೨೦೧೮ರಲ್ಲಿ ಆದ ತಿದ್ದುಪಡಿಯು ಲಂಚ ಕೊಡುವುದನ್ನೂ ನೇರವಾಗಿ ಅಪರಾಧವೆಂದು ಸಾರಿತು. ಬಲಾತ್ಕಾರದಿಂದ ಕೊಟ್ಟವನು ಏಳು ದಿನಗಳೊಳಗಾಗಿ ದೂರಿತ್ತರೆ ಮಾತ್ರ ಅವನಿಗೆ ವಿನಾಯಿತಿ. ಕೊಡುವವನ ಹೊಣೆಯನ್ನು ಕಾನೂನು ಈಗ ಇಷ್ಟು ಸ್ಪಷ್ಟವಾಗಿ ಎತ್ತಿಹಿಡಿದಿದೆ. ಆದರೆ ಅವನ ಅಂತಃಕರಣವು ಇದನ್ನು ಹೇಳಲು ಯಾವ ತಿದ್ದುಪಡಿಗಾಗಿಯೂ ಕಾಯಬೇಕಾಗಿರಲಿಲ್ಲ.

ನಗೆಗೂ ಹೊಣೆಗೂ ಇರುವ ಈ ನಂಟನ್ನು ಹನ್ನೆರಡನೆಯ ಶತಮಾನದ ಶರಣರು ಬಲ್ಲವರಾಗಿದ್ದರು. ಅವರ ನಡುವೆ ವೇಷಗಳನ್ನು ತೊಟ್ಟು ಆಡುವ ಬಹುರೂಪಿ ಚೌಡಯ್ಯನಿದ್ದನು. ಜನರನ್ನು ನಗಿಸುವುದನ್ನೇ ಕಾಯಕ ಮಾಡಿಕೊಂಡಿದ್ದ ನಗೆಯ ಮಾರಿತಂದೆಯಿದ್ದನು. 'ಆತುರವೈರಿ ಮಾರೇಶ್ವರ' ಎಂಬುದು ಅವನ ವಚನಗಳ ಅಂಕಿತ. ನಗಿಸುವವನನ್ನು ಕೀಳೆಂದು ಎಣಿಸದೆ, ನೇಯುವವನಿಗೂ ದೋಣಿ ನಡೆಸುವವನಿಗೂ ಸಮನಾಗಿ ಶರಣರ ಕೂಟದಲ್ಲಿ ಕೂಡಿಸಿದುದು ಸಾಮಾನ್ಯ ಸಂಗತಿಯಲ್ಲ. ಆದರೆ ಕಾಯಕವೆಂದ ಮೇಲೆ ಅದಕ್ಕೆ ಸತ್ಯಶುದ್ಧಿಯ ನಿಯಮವುಂಟು. ನೇಯುವವನ ನೂಲಿನಲ್ಲಿ ವಂಚನೆಯು ಇರಕೂಡದೆಂದರೆ ನಗಿಸುವವನ ನಗೆಯಲ್ಲಿಯೂ ಇರಕೂಡದು. ಕೊಳ್ಳುವವನಿಗೂ ಅದೇ ನಿಯಮ. ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಮಾರಯ್ಯನನ್ನು ಲಕ್ಕಮ್ಮನು ಹಿಂದಕ್ಕೆ ಕಳುಹಿದ ಕಥೆಯು ಮನೆಮನೆಯಲ್ಲಿಯೂ ತಿಳಿದುದೇ. ಅವಳು ಗಂಡನ ಆಸೆಯನ್ನು ಕಂಡು ನಕ್ಕು ಸುಮ್ಮನಾಗಲಿಲ್ಲ, ಅಕ್ಕಿಯನ್ನು ಮರಳಿ ಸುರಿಸಿದಳು. ಲಂಚವೆಂದರೆ ಆ ಹೆಚ್ಚಿನ ಅಕ್ಕಿಯೇ. ಅದಕ್ಕೆ ಮದ್ದು ಹಾಸ್ಯವಲ್ಲ, ಮರಳಿ ಸುರಿಯುವುದು. ಹಾಸ್ಯವು ಚೀಲ ತುಂಬಿದೆಯೆಂದು ತೋರಿಸಬಲ್ಲುದು. ಸುರಿಯಬೇಕಾದವನು ಚೀಲವನ್ನು ಹೊತ್ತವನು.

ಆದುದರಿಂದ ನಗಬಾರದೆಂಬುದು ಇಲ್ಲಿಯ ಅಭಿಪ್ರಾಯವಲ್ಲ. ನಗದ ಧರ್ಮವು ಒಣಧರ್ಮ. ಆದರೆ ಅನ್ಯರ ಡೊಂಕನ್ನು ಕಂಡು ಹುಟ್ಟಿದ ನಗೆಯು ತನ್ನ ಡೊಂಕಿನವರೆಗೂ ನಡೆದು ಬರಬೇಕು. ಚಕ್ರವರ್ತಿಯು ತನಗೇ ಪೆಟ್ಟು ಬಿದ್ದಿತೆಂದು ಹೇಳಿದ್ದು ನಿಜವಾದರೆ, ಅಂದು ಆ ಸಭೆಯಲ್ಲಿ ನಾಟಕವನ್ನು ಸರಿಯಾಗಿ ಕೇಳಿದವನು ಅವನೇ. ಆದರೆ ಅವನೂ ಅಷ್ಟಕ್ಕೇ ನಿಂತನು. ಅವನ ಆಳಿಕೆಯಲ್ಲಿ ಲಂಚವು ತೊಲಗಲಿಲ್ಲ. ಪೆಟ್ಟನ್ನು ಅರಿಯುವುದು ಮೊದಲ ಮೆಟ್ಟಿಲು, ನಡೆಯನ್ನು ತಿದ್ದಿಕೊಳ್ಳುವುದು ಎರಡನೆಯದು.

ಗೊಗೊಲನ ಪ್ರಹಸನವು ಮೌನದಲ್ಲಿ ಮುಗಿಯುವುದು ಆಕಸ್ಮಿಕವಲ್ಲ. ಆ ಮೂಕದೃಶ್ಯವು ಮೊದಲ ಪ್ರಯೋಗದಲ್ಲಿ ತಾನೆಣಿಸಿದಂತೆ ಫಲಿಸಲಿಲ್ಲವೆಂದು ಅವನು ಪರಿತಪಿಸಿದನು. ಎರಡು ಗಂಟೆಗಳ ಕಾಲ ನಕ್ಕ ಸಭೆಯು ಒಂದೂವರೆ ನಿಮಿಷ ಸದ್ದಿಲ್ಲದೆ ಕುಳಿತರೆ, ಆ ಹೊತ್ತಿನಲ್ಲಿ ಪ್ರತಿಯೊಬ್ಬನ ಒಳಗೂ ತನಿಖಾಧಿಕಾರಿಯೊಬ್ಬನು ಬಂದಿಳಿಯುತ್ತಾನೆ. ಅವನಿಗೆ ನಾಯಿಮರಿಯನ್ನೂ ಕೊಡುವಂತಿಲ್ಲ, ಸಾಲವೆಂದು ಹಣವನ್ನೂ ನೀಡುವಂತಿಲ್ಲ. ಭರತನು ದೈವಿಕೀ ಸಿದ್ಧಿಯೆಂದು ಕರೆದ ಮೌನಕ್ಕೆ ಪ್ರಹಸನದಲ್ಲಿ ಇದಕ್ಕಿಂತ ಬೇರೆ ಅರ್ಥವಿರಲಾರದು.