ಸಾಲು ದಾಟುವ ಬೆಲೆ

ಪನಾಮಾ ಕಾಲುವೆಯಲ್ಲಿ ಹಡಗನ್ನು ಎತ್ತುವುದಕ್ಕೆ ಪಂಪ್ ಇಲ್ಲ. ಗಾಟೂನ್ ಸರೋವರ ಸಮುದ್ರಮಟ್ಟಕ್ಕಿಂತ ಸುಮಾರು 26 ಮೀಟರ್ ಮೇಲಿದೆ. ಅಲ್ಲಿಯ ನೀರು ತನ್ನ ಭಾರದಿಂದಲೇ ಲಾಕ್‌ಗೆ ಇಳಿದು ತುಂಬಿದಂತೆ ಹಡಗು ಮೇಲೇರುತ್ತದೆ. ಹಳೆಯ ಲಾಕ್‌ಗಳಲ್ಲಿ ಒಂದು ಹಡಗು ದಾಟಿದರೆ ಸುಮಾರು 20 ಕೋಟಿ ಲೀಟರ್ ಸಿಹಿನೀರು ಸಮುದ್ರದ ಪಾಲು. ಪನಾಮಾ ನಗರದ ನಲ್ಲಿಗಳಿಗೂ ಇದೇ ಜಲಾನಯನದ ನೀರೇ ಆಗಬೇಕು.

2023ರಲ್ಲಿ ಮಳೆ ಕೈಕೊಟ್ಟಿತು. ದಿನಕ್ಕೆ 36ರಷ್ಟು ಹಡಗು ದಾಟುತ್ತಿದ್ದಲ್ಲಿ 24ಕ್ಕೆ ಇಳಿಸಿದರು. ಹೊರಗೆ ಸಾಲು ಬೆಳೆಯಿತು. ನವೆಂಬರಿನ ಹರಾಜಿನಲ್ಲಿ ಒಂದು ಕಂಪನಿ ಮುಂದೆ ಹೋಗಲೆಂದೇ ಸುಮಾರು 40 ಲಕ್ಷ ಡಾಲರ್ ಕೊಟ್ಟಿತು. ಮಾಮೂಲಿ ಸುಂಕ ಬೇರೆ!

ಈ ಹರಾಜು ತಪ್ಪೇ? ಆಫೀಸಿನಲ್ಲಿ ದಿನವೂ ಆದ್ಯತೆಯ ಪಟ್ಟಿ ಮಾಡುವ ನನಗೆ ಮೊದಲು ಅನ್ನಿಸಿದ್ದು, ಇಲ್ಲವೆಂದೇ. ಎಲ್ಲವೂ ಬಹಿರಂಗ, ಲಂಚವಿಲ್ಲ, ವಶೀಲಿಯಿಲ್ಲ. ಆದರೆ ಹರಾಜಿಗೆ ಯಾರ ಗಂಟಲು ಒಣಗಿದೆ ಎಂಬುದು ತಿಳಿಯುವುದಿಲ್ಲ, ಯಾರ ಜೇಬು ತುಂಬಿದೆ ಎಂಬುದಷ್ಟೇ ತಿಳಿಯುತ್ತದೆ.

2019ರ ಬೇಸಿಗೆಯಲ್ಲಿ, ಚೆನ್ನೈಯ ನಮ್ಮ ಅಪಾರ್ಟ್‌ಮೆಂಟಿನವರು ದುಪ್ಪಟ್ಟು ಕೊಟ್ಟು ಟ್ಯಾಂಕರ್ ತರಿಸಿದೆವು. ಪಕ್ಕದ ಬೀದಿಯಲ್ಲಿ ಪ್ಲಾಸ್ಟಿಕ್ ಬಿಂದಿಗೆಗಳ ಉದ್ದನೆಯ ಸಾಲು. ಟ್ಯಾಂಕರ್ ಅದರ ಮುಂದೆಯೇ ಹಾದು ನಮ್ಮ ಗೇಟಿನೊಳಗೆ ಬಂತು. ಬಾಲ್ಕನಿಯಿಂದ ಅದನ್ನು ನೋಡಿದೆ. ನೋಡಿ, ಮೋಟಾರ್ ಹಾಕುವಂತೆ ವಾಚ್‌ಮನ್‌ಗೆ ಹೇಳಿದೆ.