ಬಾಣ ಬಿಡುವ ಮುನ್ನ

ಬೇಟೆ ಪಾಪವೇ? ನಮ್ಮ ಹಿಂದಿನ ತಲೆಮಾರಿನ ಬಹುಪಾಲು ಮನೆಗಳಲ್ಲಿ ಈ ಪ್ರಶ್ನೆ ಏಳುತ್ತಲೇ ಇರಲಿಲ್ಲ. ಕೆಲವರ ಮನೆಯಲ್ಲಿ ಬೇಟೆಯ ಮಾತೇ ಬರುತ್ತಿರಲಿಲ್ಲ. ಕೊಡಗು, ಮಲೆನಾಡುಗಳ ಕೆಲವರ ಮನೆಯಲ್ಲಿ ಅದು ಹಬ್ಬ ಹುಣ್ಣಿಮೆಯಷ್ಟೇ ಸಹಜವಾಗಿತ್ತು. ಈಗ ಆ ಪ್ರಶ್ನೆ ಬೇರೊಂದು ದಾರಿಯಿಂದ ನಮ್ಮ ಮನೆಯೊಳಗೆ ಬರುತ್ತಿದೆ. ಒಮಾನಿನಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ಓದಿಗೆಂದು ಅಮೆರಿಕ, ಕೆನಡಾಗಳಿಗೆ ಹೋಗುತ್ತಾರೆ. ಅಲ್ಲಿ ಬೇಸಿಗೆ ಮುಗಿಯುತ್ತಿದ್ದಂತೆ ಬಿಲ್ಲು ಬಾಣ ಹಿಡಿದು ಕಪ್ಪು ಕರಡಿಯ ಬೇಟೆಗೆ ಹೊರಡುವ ಸಹಪಾಠಿಗಳು ಸಿಗುತ್ತಾರೆ. ಕಾನೂನಿನ ಅನುಮತಿ ಇದೆ, ಸರ್ಕಾರವೇ ಲೈಸೆನ್ಸ್ ಕೊಡುತ್ತದೆ, ಜೊತೆಗೆ ಬರುತ್ತೀಯಾ ಎಂಬ ಆಹ್ವಾನವೂ ಇರುತ್ತದೆ. ಮಕ್ಕಳು ಕೇಳಿದರೆ ನಾವು ಏನು ಹೇಳಬೇಕು?

ನಮ್ಮ ಬಾಯಿಗೆ ಸುಲಭವಾಗಿ ಬರುವ ಉತ್ತರಗಳು ಎರಡು. “ಶಿವ ಶಿವಾ, ಕೊಲ್ಲುವುದು ಮಹಾಪಾಪ, ಆ ಕಡೆ ತಲೆ ಹಾಕಬೇಡ” ಎಂಬುದು ಒಂದು. “ಅಂಗಡಿಯಿಂದ ಕೋಳಿ ತಂದು ತಿನ್ನುವವರು ಕರಡಿಗಾಗಿ ಅಳುವುದು ಏಕೆ?” ಎಂಬುದು ಇನ್ನೊಂದು. ಎರಡರಲ್ಲೂ ಸ್ವಲ್ಪ ಸತ್ಯವಿದೆ. ಆದರೆ ಎರಡೂ ಯೋಚಿಸುವ ಶ್ರಮವನ್ನು ತಪ್ಪಿಸಿಕೊಳ್ಳುವ ದಾರಿಗಳು. ನಮ್ಮ ಹಿರಿಯರು ಇಷ್ಟು ಸುಲಭವಾಗಿ ಬಿಟ್ಟುಕೊಟ್ಟವರಲ್ಲ.

ಮಹಾಭಾರತದ ಆದಿಪರ್ವವನ್ನು ನೆನಪಿಸಿಕೊಳ್ಳಿ. ಪಾಂಡುರಾಜ ಜಿಂಕೆಯ ರೂಪದಲ್ಲಿದ್ದ ಕಿಂದಮ ಮುನಿಗೆ ಬಾಣ ಹೊಡೆದು ಶಾಪ ಪಡೆದ ಕಥೆ ಎಲ್ಲರಿಗೂ ಗೊತ್ತು. ಆದರೆ ಅಲ್ಲಿ ನಡೆಯುವ ವಾದವನ್ನು ನಾವು ಮರೆಯುತ್ತೇವೆ. ರಾಜರು ಮೃಗಗಳನ್ನು ಬೇಟೆಯಾಡುವುದು ರೂಢಿ, ಅಗಸ್ತ್ಯ ಮಹರ್ಷಿಗಳೂ ಮಾಡಿದ್ದಾರೆ ಎಂದು ಪಾಂಡು ಸಮರ್ಥಿಸಿಕೊಳ್ಳುತ್ತಾನೆ. ಮುನಿ ಅದನ್ನು ಅಲ್ಲಗಳೆಯುವುದಿಲ್ಲ. ಮೃಗವನ್ನು ಕೊಂದದ್ದಕ್ಕಾಗಿ ನಾನು ನಿನ್ನನ್ನು ನಿಂದಿಸುತ್ತಿಲ್ಲ, ಎರಡು ಜೀವಗಳು ಕೂಡಿದ್ದ ಹೊತ್ತನ್ನು ನೀನು ಕಾಯಲಿಲ್ಲವಲ್ಲ ಎನ್ನುತ್ತಾನೆ. ಅಂದರೆ ಕೊಂದೆಯೋ ಇಲ್ಲವೋ ಎಂಬಲ್ಲಿಗೆ ಪ್ರಶ್ನೆ ಮುಗಿಯಲಿಲ್ಲ. ಯಾವಾಗ, ಹೇಗೆ, ಯಾವ ಮನಸ್ಸಿನಿಂದ ಎಂಬುದೂ ಅಷ್ಟೇ ಮುಖ್ಯವಾಯಿತು.

ಶಾಸ್ತ್ರಗಳಲ್ಲೂ ಒಮ್ಮತವಿಲ್ಲ. ಮನುಸ್ಮೃತಿ ಕಾಮದಿಂದ ಹುಟ್ಟುವ ಹತ್ತು ವ್ಯಸನಗಳನ್ನು ಎಣಿಸುವಾಗ ಬೇಟೆಯನ್ನೇ ಮೊದಲು ಹೇಳುತ್ತದೆ. ಕೌಟಿಲ್ಯನಾದರೋ ಅದೂ ಒಂದು ವ್ಯಸನವೆಂದು ಒಪ್ಪಿಕೊಂಡರೂ, ಬೇಟೆಯಿಂದ ದೇಹಕ್ಕೆ ವ್ಯಾಯಾಮ ಸಿಗುತ್ತದೆ, ಗುರಿ ಕಲಿಯಬಹುದು, ಜೂಜಿಗಿಂತ ವಾಸಿ ಎಂದು ವಾದಿಸುತ್ತಾನೆ. ಇನ್ನು ಬೇಡರ ಕಣ್ಣಪ್ಪನ ವಿಷಯ ಹೇಳಬೇಕೇ? 1954ರಲ್ಲಿ ರಾಜಕುಮಾರ್ ಅವರು ಆ ಪಾತ್ರದಿಂದಲೇ ನಾಯಕರಾಗಿ ತೆರೆಗೆ ಬಂದರು. ಬೇಟೆಯ ಮಾಂಸವನ್ನೇ ನೈವೇದ್ಯ ಮಾಡಿದ ಆ ಬೇಡನನ್ನು ಶಿವ ದೂರ ತಳ್ಳಲಿಲ್ಲ. ಕಾಡಿನಲ್ಲಿ ಹುಟ್ಟಿ, ಹೊಟ್ಟೆಗಾಗಿ ಬೇಟೆಯಾಡಿ, ಸಿಕ್ಕಿದ್ದರಲ್ಲಿ ಮೊದಲ ಪಾಲನ್ನು ದೇವರಿಗೆ ಇಡುವವನಿಗೂ, ಹೊತ್ತು ಕಳೆಯಲು ಕೊಲ್ಲುವವನಿಗೂ ನಮ್ಮ ಪರಂಪರೆ ಒಂದೇ ಹೆಸರು ಕೊಟ್ಟಿಲ್ಲ.

ಈ ಹಿನ್ನೆಲೆಯಲ್ಲಿ ಕರಡಿ ಬೇಟೆಯನ್ನು ನೋಡೋಣ. ಅಮೆರಿಕದ ಈಶಾನ್ಯ ತುದಿಯಲ್ಲಿರುವ ಮೇನ್ ರಾಜ್ಯದಲ್ಲಿ ಆಗಸ್ಟ್ ತಿಂಗಳ ಕೊನೆಯ ಸೋಮವಾರ ಕರಡಿ ಬೇಟೆಯ ಋತು ಆರಂಭವಾಗುತ್ತದೆ. ಚಳಿಗಾಲದ ದೀರ್ಘ ನಿದ್ರೆಗೆ ಮುಂಚೆ ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳಲು ಕರಡಿ ಹಗಲೂ ರಾತ್ರಿ ತಿನ್ನುವ ಕಾಲ ಅದು. ಬಿಲ್ಲುಗಾರರ ಪರವಾಗಿ ಹೇಳಬೇಕಾದ ಮಾತೂ ಇದೆ. ಬಂದೂಕಿನವನು ದೂರದಿಂದ ಕೊಲ್ಲಬಹುದು. ಬಿಲ್ಲಿನವನು ಇಪ್ಪತ್ತು ಮೂವತ್ತು ಗಜದಷ್ಟು ಹತ್ತಿರ ಹೋಗಬೇಕು, ಉಸಿರು ಬಿಗಿಹಿಡಿದು ಕಾಯಬೇಕು, ಸರಿಯಾದ ಕೋನ ಸಿಗದಿದ್ದರೆ ಸುಮ್ಮನೆ ವಾಪಸು ಬರಬೇಕು. ಇದು ಪ್ರಾಣಿಗೆ ತಪ್ಪಿಸಿಕೊಳ್ಳಲು ಅವಕಾಶ ಕೊಡುವ ನ್ಯಾಯವಾದ ಬೇಟೆ ಎನ್ನುತ್ತಾರೆ ಅವರು. ಕಪ್ಪು ಕರಡಿಗಳ ಸಂಖ್ಯೆ ಉತ್ತರ ಅಮೆರಿಕದಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಎಂಬ ಅಂದಾಜಿದೆ, ಆದ್ದರಿಂದ ಸಂತತಿ ಅಳಿಯುವ ಭಯವಿಲ್ಲ. ಲೈಸೆನ್ಸಿನ ಹಣ, 1937ರ ಕಾಯಿದೆಯಂತೆ ಬೇಟೆಯ ಆಯುಧಗಳ ಮೇಲೆ ಹಾಕುವ ತೆರಿಗೆ, ಇವೆಲ್ಲ ಕಾಡಿನ ರಕ್ಷಣೆಗೇ ಹೋಗುತ್ತವೆ. ಈ ವಾದಗಳನ್ನು ತಳ್ಳಿಹಾಕುವಂತಿಲ್ಲ.

ಆದರೆ ಅದೇ ಮೇನ್‌ನಲ್ಲಿ ಇನ್ನೊಂದು ಪದ್ಧತಿ ಇದೆ. ಋತು ಆರಂಭವಾಗುವ ವಾರಗಳ ಮೊದಲೇ ಕಾಡಿನಲ್ಲಿ ಡಬ್ಬಗಳಲ್ಲಿ ಹಳಸಿದ ಡೋನಟ್, ಕೇಕು ಮುಂತಾದ ಸಿಹಿ ತಿನಿಸು ತುಂಬಿ ಇಡುತ್ತಾರೆ. ದಿನವೂ ಬಂದು ತಿಂದು ನಂಬಿಕೆ ಹುಟ್ಟಿದ ಕರಡಿಯನ್ನು ಒಂದು ಸಂಜೆ ಹೊಡೆಯುತ್ತಾರೆ. ಇದನ್ನು ನಿಷೇಧಿಸಬೇಕೆಂದು 2004ರಲ್ಲಿ ಒಮ್ಮೆ, 2014ರಲ್ಲಿ ಇನ್ನೊಮ್ಮೆ ಜನಮತ ಕೇಳಲಾಯಿತು. ಎರಡು ಸಲವೂ ನಿಷೇಧ ಸೋತಿತು.

ಈಗ ನಮ್ಮ ದರೋಜಿಯನ್ನು ನೋಡಿ. ಹಂಪಿಯ ಹತ್ತಿರ, ಬಂಡೆಗುಡ್ಡಗಳ ನಡುವೆ, 1994ರಲ್ಲಿ ಕರಡಿಗಳಿಗಾಗಿಯೇ ಒಂದು ಅಭಯಾರಣ್ಯ ಆಯಿತು. ಅಲ್ಲಿಯೂ ಕರಡಿಗೆ ಸಿಹಿ ಇಡುವ ಪದ್ಧತಿ ಬೆಳೆಯಿತು. ಮಧ್ಯಾಹ್ನ ಅರಣ್ಯ ಇಲಾಖೆಯವರು ಬಂಡೆಗಳಿಗೆ ಬೆಲ್ಲ, ಜೇನು ಸವರಿ ಹೋದರೆ, ಸಂಜೆ ಕರಡಿಗಳು ಮರಿಗಳನ್ನು ಬೆನ್ನ ಮೇಲೆ ಹೊತ್ತು ಇಳಿದು ಬರುತ್ತವೆ. ಎದುರು ಗೋಪುರದಲ್ಲಿ ಜನ ಕ್ಯಾಮೆರಾ ಹಿಡಿದು ಕೂತಿರುತ್ತಾರೆ. ಎರಡೂ ಕಡೆ ಮನುಷ್ಯ ಸಿಹಿ ಇಟ್ಟು ಕರೆದ, ಕರಡಿ ನಂಬಿ ಬಂತು. ವ್ಯತ್ಯಾಸ ಇರುವುದು ಆಮೇಲೆ ಏನು ನಡೆಯಿತು ಎಂಬುದರಲ್ಲಿ ಮಾತ್ರ. ಅನ್ನ ಇಟ್ಟು ಕರೆದವನನ್ನು ಕೊಲ್ಲುವುದು ನಮ್ಮಲ್ಲಿ ಶತ್ರುವಿನ ವಿಷಯದಲ್ಲೂ ದ್ರೋಹವೇ. ಕರಡಿಗಳ ಸಂಖ್ಯೆ ಎಷ್ಟೇ ಇರಲಿ, ಕೈಯಲ್ಲಿ ಬಂದೂಕಿರಲಿ ಬಿಲ್ಲಿರಲಿ, ಈ ದ್ರೋಹ ಲೈಸೆನ್ಸಿನಿಂದ ತೊಳೆದುಹೋಗುವುದಿಲ್ಲ. ಏಕೆಂದರೆ ಲೈಸೆನ್ಸು ಕರಡಿಯ ಸಂತತಿಗೆ ಏನಾಗುತ್ತದೆ ಎಂದು ಲೆಕ್ಕ ಇಡುತ್ತದೆಯೇ ಹೊರತು ಬೇಟೆಗಾರನ ಮನಸ್ಸಿಗೆ ಏನಾಗುತ್ತದೆ ಎಂದು ಲೆಕ್ಕ ಇಡುವುದಿಲ್ಲ.

ಸಂತತಿಯ ಲೆಕ್ಕವೇ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ನಾವು ದೂರ ಹೋಗಬೇಕಾಗಿಲ್ಲ. ನಾವು ಅನ್ನ ತಿನ್ನುತ್ತಿರುವ ಈ ನಾಡಿನಲ್ಲೇ ಅದರ ಪಾಠವಿದೆ. ಕಾರಿಗೆ ಪೆಟ್ರೋಲ್ ಹಾಕಿಸುವಾಗ “ಅಲ್ ಮಹಾ” ಎಂಬ ಹೆಸರನ್ನು ನೀವು ನೋಡಿರುತ್ತೀರಿ. ಮಹಾ ಎಂದರೆ ಅರೇಬಿಯನ್ ಓರಿಕ್ಸ್. ಬಿಳಿಯ ಮೈ, ಕಪ್ಪು ಕಾಲು, ನೀಳವಾದ ನೇರ ಕೊಂಬಿನ ಚಿಗರೆ. ಮಧ್ಯ ಒಮಾನಿನ ಜಿದ್ದತ್ ಅಲ್ ಹರಾಸೀಸ್ ಎಂಬ ಕಲ್ಲುಮರಳಿನ ಬಯಲಿನಲ್ಲಿ, ನೀರಿನ ಸೆಲೆಯೇ ಇಲ್ಲದ ಕಡೆ, ಬೆಳಗಿನ ಮಂಜಿನ ಹನಿ ಮತ್ತು ಒಣ ಹುಲ್ಲಿನ ಮೇಲೆ ಅದು ಬದುಕುತ್ತಿತ್ತು. ಅಲ್ಲಿಯ ಹರಾಸೀಸ್ ಬುಡಕಟ್ಟಿನವರು ಒಂಟೆ, ಆಡು ಸಾಕಿಕೊಂಡು ಅದರ ಜೊತೆಯಲ್ಲೇ ಬಾಳಿದವರು. ಅವರೂ ಅದನ್ನು ಬೇಟೆಯಾಡುತ್ತಿದ್ದರು. ಆದರೆ ಒಂಟೆಯ ಮೇಲೆ ದಿನಗಟ್ಟಲೆ ಹೆಜ್ಜೆಗುರುತು ಹಿಡಿದು ಹೋಗುವವನು ಎಷ್ಟು ತಾನೇ ಕೊಂದಾನು? ತಲೆಮಾರುಗಳು ಕಳೆದರೂ ಚಿಗರೆ ಉಳಿದಿತ್ತು.

ಅದನ್ನು ಮುಗಿಸಿದ್ದು ಹೊರಗಿನಿಂದ ಬಂದ ಮೋಟಾರು ವಾಹನ ಮತ್ತು ಹೊಸ ಬಂದೂಕು. ಓಡಿ ಓಡಿ ದಣಿಯುವ ಪ್ರಾಣಿ, ದಣಿಯದ ಯಂತ್ರ. 1972ರ ಅಕ್ಟೋಬರಿನಲ್ಲಿ ಜಿದ್ದತ್‌ನ ಕೊನೆಯ ಹಿಂಡು ವಾಹನದಲ್ಲಿ ಬಂದ ಬೇಟೆಗಾರರ ಪಾಲಾಯಿತು. ಕಾಡಿನಲ್ಲಿ ಸ್ವತಂತ್ರವಾಗಿರುವ ಓರಿಕ್ಸ್ ಪ್ರಪಂಚದಲ್ಲೇ ಇಲ್ಲವಾಯಿತು. ಭಾರತದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದದ್ದೂ ಅದೇ 1972ರಲ್ಲಿ. ಅಲ್ಲಿ ಒಂದು ಬಾಗಿಲು ಮುಚ್ಚಿ ಕಾಪಾಡುವ ಪ್ರಯತ್ನ ಆರಂಭವಾದ ವರ್ಷ ಇಲ್ಲಿ ಬಾಗಿಲೊಳಗೆ ಏನೂ ಉಳಿದಿರಲಿಲ್ಲ.

ಪುಣ್ಯಕ್ಕೆ ಕೆಲವರು ಮೊದಲೇ ಎಚ್ಚೆತ್ತಿದ್ದರು. 1962ರಿಂದ ಅಲ್ಲಲ್ಲಿ ಸಂಗ್ರಹಿಸಿದ ಒಂಬತ್ತು ಪ್ರಾಣಿಗಳಿಂದ ಅಮೆರಿಕದ ಫೀನಿಕ್ಸ್ ಮೃಗಾಲಯದಲ್ಲಿ ಒಂದು ಹಿಂಡು ಬೆಳೆದಿತ್ತು. ಸುಲ್ತಾನ್ ಕಾಬೂಸ್ ಅವರ ಆಸಕ್ತಿಯಿಂದ 1980ರಲ್ಲಿ ಓರಿಕ್ಸ್‌ಗಳು ವಿಮಾನದಲ್ಲಿ ತವರಿಗೆ ಬಂದವು. 1982ರ ಜನವರಿ 31ರಂದು ಯಾಲೂನಿಯಲ್ಲಿ ಬೇಲಿಯ ಬಾಗಿಲು ತೆರೆದು ಹತ್ತು ಪ್ರಾಣಿಗಳನ್ನು ಬಯಲಿಗೆ ಬಿಟ್ಟರು. ಕಾವಲಿಗೆ ನೇಮಕವಾದವರು ಹರಾಸೀಸ್ ಜನರೇ. ಹಿಂದೆ ಹೆಜ್ಜೆಗುರುತು ಹಿಡಿದು ಕೊಲ್ಲಲು ಹೋಗುತ್ತಿದ್ದ ವಿದ್ಯೆ ಈಗ ಕಾಯುವುದಕ್ಕೆ ಬಂತು. 1990ರ ದಶಕದ ನಡುವಿನ ಹೊತ್ತಿಗೆ ಸಂಖ್ಯೆ ನಾನೂರರ ಸುತ್ತ ಏರಿತು. 1994ರಲ್ಲಿ ಯುನೆಸ್ಕೊ ಆ ಅಭಯಾರಣ್ಯವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಆಮೇಲೆ ನಡೆದದ್ದು ನಮ್ಮ ಪ್ರಶ್ನೆಗೆ ಇನ್ನೊಂದು ಮುಖ ತೋರಿಸುತ್ತದೆ. 1996ರಿಂದ ಕಳ್ಳರು ಮತ್ತೆ ಬಂದರು. ಈ ಸಲ ಅವರು ಕೊಲ್ಲಲು ಬರಲಿಲ್ಲ. ಶ್ರೀಮಂತರ ಖಾಸಗಿ ಸಂಗ್ರಹಗಳಿಗೆ ಮಾರಲು, ಅದರಲ್ಲೂ ಹೆಣ್ಣು ಮತ್ತು ಮರಿಗಳನ್ನು ಜೀವಂತ ಹಿಡಿದು ಒಯ್ದರು. ಬಾಣವಿಲ್ಲ, ಗುಂಡಿಲ್ಲ. ಹಿಡಿದವನಿಗೆ ಕೊಲ್ಲುವ ಉದ್ದೇಶವಿಲ್ಲ, ಕೊಂಡವನು ಮೇವು ಹಾಕಿ ಸಾಕುತ್ತಾನೆ. ಆದರೂ ಹಿಂಡು ನಾಶವಾಯಿತು. 2007ರ ಹೊತ್ತಿಗೆ ಉಳಿದದ್ದು 65 ಮಾತ್ರ. ಅಭಯಾರಣ್ಯದ ಶೇಕಡಾ 90ರಷ್ಟು ಭಾಗವನ್ನು ತೈಲ ಶೋಧನೆಗಾಗಿ ಕೈಬಿಡುವ ತೀರ್ಮಾನವೂ ಆಗಿತ್ತು. ಆ ವರ್ಷ ಯುನೆಸ್ಕೊ ತನ್ನ ಪಟ್ಟಿಯಿಂದ ಅದನ್ನು ತೆಗೆದುಹಾಕಿತು. ಹಾಗೆ ಹೊರಬಿದ್ದ ಮೊದಲ ತಾಣ ಅದು. ಬೇಲಿಯೊಳಗೆ ಮತ್ತೆ ಶ್ರದ್ಧೆಯಿಂದ ಬೆಳೆಸಿದ್ದರಿಂದ ಇಂದು ಅಲ್ಲಿ ನೂರಾರು ಓರಿಕ್ಸ್‌ಗಳಿವೆ. ನೆರೆಯ ನಾಡುಗಳಲ್ಲೂ ಬಯಲಿಗೆ ಬಿಟ್ಟಿದ್ದಾರೆ ಎಂಬುದು ಸಮಾಧಾನದ ಮಾತು.

ಹಿಂಸೆ ಎಂದರೆ ರಕ್ತ ಎಂದಷ್ಟೇ ತಿಳಿದವರು ಇಲ್ಲಿ ನಿಂತು ಯೋಚಿಸಬೇಕು. ವನಪರ್ವದಲ್ಲಿ ಒಂದು ಚಿಕ್ಕ ಪ್ರಸಂಗವಿದೆ. ದ್ವೈತವನದಲ್ಲಿ ಪಾಂಡವರು ದಿನವೂ ಜಿಂಕೆಗಳನ್ನು ಬೇಟೆಯಾಡಿ ತಾವೂ ಉಂಡು ಆಶ್ರಿತರಿಗೂ ಉಣಿಸುತ್ತಿದ್ದರು. ಒಂದು ರಾತ್ರಿ ಜಿಂಕೆಗಳು ಧರ್ಮರಾಜನ ಕನಸಿನಲ್ಲಿ ನಡುಗುತ್ತಾ ಬಂದು ಬೇಡಿಕೊಳ್ಳುತ್ತವೆ. ನಾವು ಬೀಜದಷ್ಟು ಮಾತ್ರ ಉಳಿದಿದ್ದೇವೆ, ದಯವಿಟ್ಟು ಬೇರೆ ಕಡೆ ಹೋಗಿ, ನಾವು ಮತ್ತೆ ಬೆಳೆಯುತ್ತೇವೆ ಎನ್ನುತ್ತವೆ. ಬೆಳಗಾದ ಮೇಲೆ ಧರ್ಮರಾಜ ತಮ್ಮಂದಿರಿಗೆ ಕನಸು ಹೇಳಿ, ಪರಿವಾರವನ್ನೆಲ್ಲ ಕಟ್ಟಿಕೊಂಡು ಕಾಮ್ಯಕವನಕ್ಕೆ ಹೊರಟುಬಿಡುತ್ತಾನೆ. ಅವನು ಮಾಂಸ ಬಿಟ್ಟನೆಂದು ಕಥೆ ಹೇಳುವುದಿಲ್ಲ. ಬೀಜ ತಿನ್ನಬಾರದೆಂದು ತಿಳಿದು ಜಾಗ ಬಿಟ್ಟ. ಬಿತ್ತನೆಯ ಬೀಜವನ್ನು ಹಸಿವಿದ್ದರೂ ಮುಟ್ಟದ ಒಕ್ಕಲುಮಕ್ಕಳಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಅಳೆಯುವ ಕೋಲು ಮೂರು ಎಂದು ನನಗೆ ತೋರುತ್ತದೆ. ಏಕೆ: ಹೊಟ್ಟೆಗೋ, ಮೋಜಿಗೋ? ಹೇಗೆ: ಎದುರಿಸಿಯೋ, ನಂಬಿಸಿಯೋ? ಎಷ್ಟು: ಬೀಜ ಉಳಿಯುವುದೋ ಇಲ್ಲವೋ? ಹಳೆಯ ಹರಾಸೀಸ್ ಬೇಟೆಗಾರ ಮೂರರಲ್ಲೂ ತಲೆ ಎತ್ತಿ ನಿಲ್ಲಬಲ್ಲ. ವಾಹನದಲ್ಲಿ ಬಂದವರು ಮೂರರಲ್ಲೂ ಸೋಲುತ್ತಾರೆ. ಡಬ್ಬದ ಪಕ್ಕದಲ್ಲಿ ಬಿಲ್ಲು ಹಿಡಿದು ಕೂತವನು ಮೂರನೆಯದರಲ್ಲಿ ಗೆದ್ದು ಮೊದಲೆರಡರಲ್ಲಿ ಸೋಲುತ್ತಾನೆ. ಮಕ್ಕಳಿಗೆ ಬೇಡ ಎಂದು ಹೇಳುವುದಾದರೆ ಈ ಕಾರಣ ಹೇಳಿಯೇ ಬೇಡ ಎನ್ನೋಣ. ಮೋಜು ಬೇಕೇ, ಗುರಿಯ ವಿದ್ಯೆ ಬೇಕೇ, ಅದಕ್ಕೂ ದಾರಿ ಇದೆ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದಲ್ಲಿ ಇಂದಿಗೂ ಕೋವಿಗೆ ಪೂಜೆ ನಡೆಯುತ್ತದೆ. ಗುಂಡು ಹೋಗಿ ಬೀಳುವುದು ಮಾತ್ರ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ.

ಕೊನೆಯದಾಗಿ, ಸಸ್ಯಾಹಾರಿಗಳಾದ ನಾವು ಈ ಲೆಕ್ಕದಿಂದ ಹೊರಗಿದ್ದೇವೆಯೇ? ಮಿಥಿಲೆಯ ಧರ್ಮವ್ಯಾಧ ಕೌಶಿಕನಿಗೆ ಹೇಳಿದ್ದನ್ನು ನೆನೆಯಬೇಕು. ಅವನು ತಾನು ಕೊಲ್ಲುತ್ತಿರಲಿಲ್ಲ, ತಿನ್ನುತ್ತಲೂ ಇರಲಿಲ್ಲ, ಬೇರೆಯವರು ಕೊಂದದ್ದನ್ನು ಮಾರುತ್ತಿದ್ದ. ಆದರೂ ನನಗೆ ದೋಷವಿಲ್ಲ ಎಂದು ಅವನು ಜಂಬ ಪಡಲಿಲ್ಲ. ನೇಗಿಲಿನ ಕೆಳಗೆ, ನಡೆಯುವ ಹೆಜ್ಜೆಯ ಕೆಳಗೆ ಎಷ್ಟು ಜೀವಗಳು ಸಾಯುತ್ತವೆ, ಹಿಂಸೆಯೇ ಇಲ್ಲದವನು ಯಾರು ಎಂದು ಕೇಳಿದ. ನಮ್ಮ ಮನೆಗಳಲ್ಲೇ ನೋಡಿ. ಉಪನಯನದ ವಟುವಿಗೆ ಕಟ್ಟಲು ಕೃಷ್ಣಾಜಿನದ ತುಂಡು ಬೇಕೆಂದು ಊರಿಗೆ ಹೋದಾಗ ಹುಡುಕುವವರಿದ್ದೇವೆ. ಅದು ಕೃಷ್ಣಮೃಗದ ಚರ್ಮ, ಆ ಮೃಗವನ್ನು ಕೊಲ್ಲುವುದು, ಅದರ ಚರ್ಮ ಮಾರುವುದು ಕೊಳ್ಳುವುದು ಅಪರಾಧ. 2023ರ ಅಕ್ಟೋಬರಿನಲ್ಲಿ ಟಿವಿ ಕಾರ್ಯಕ್ರಮವೊಂದರ ಸ್ಪರ್ಧಿ ಹುಲಿಯುಗುರಿನ ಪೆಂಡೆಂಟ್ ಧರಿಸಿದ್ದಕ್ಕೆ ಬಂಧನಕ್ಕೊಳಗಾದಾಗ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಪೆಟ್ಟಿಗೆಗಳು ತೆರೆದು ಮುಚ್ಚಿದವು. ಕೊಳ್ಳುವವನು ಇಲ್ಲದಿದ್ದರೆ ಜಿದ್ದತ್‌ನ ಕಳ್ಳನೂ ಬರುತ್ತಿರಲಿಲ್ಲ.

ಇಲ್ಲಿಯೂ ಅಷ್ಟೇ. 2003ರ ರಾಜಾಜ್ಞೆಯ ಮೂಲಕ ಒಮಾನ್ ವನ್ಯಜೀವಿಗಳಿಗೆ ರಕ್ಷಣೆ ಕೊಟ್ಟಿದೆ. ಚಳಿಗಾಲದ ರಜೆಯಲ್ಲಿ ಫೋರ್‌ವೀಲ್ ಗಾಡಿಗಳಲ್ಲಿ ಮರುಭೂಮಿಗೆ ಹೋಗುವಾಗ ದೂರದಲ್ಲಿ ಒಂದು ಜಿಂಕೆ ಕಂಡರೆ, ಫೋಟೋ ಹತ್ತಿರದಿಂದ ಬರಲೆಂದು ಅದರ ಹಿಂದೆ ಗಾಡಿ ಓಡಿಸಬೇಡಿ. ಅದಕ್ಕೆ ನಿಮ್ಮ ಕೈಯಲ್ಲಿರುವುದು ಕ್ಯಾಮೆರಾ ಎಂದು ಗೊತ್ತಾಗುವುದಿಲ್ಲ. ಎಂಜಿನ್ ನಿಲ್ಲಿಸಿ, ಮಕ್ಕಳಿಗೆ ಸುಮ್ಮನೆ ಕೂತು ನೋಡಲು ಹೇಳಿ. ಅಹಿಂಸೆಯ ಮೊದಲ ಪಾಠಕ್ಕೆ ಅಷ್ಟು ಸಾಕು.