ಮಾಟದ ಕಥೆಯಲ್ಲಿ ಆರೋಪಿ ಯಾರು?

ತೆಲುಗಿನ ಯಂಡಮೂರಿ ವೀರೇಂದ್ರನಾಥರನ್ನು ಕನ್ನಡದ ಓದುಗರು ಎಂದೂ ಹೊರಗಿನವರೆಂದು ಎಣಿಸಲಿಲ್ಲ. 1948ರಲ್ಲಿ ಹುಟ್ಟಿದ ಅವರು ಓದಿದ್ದು ಚಾರ್ಟರ್ಡ್ ಅಕೌಂಟೆನ್ಸಿ. ಹೆಸರು ತಂದದ್ದು ಮಾಟ-ಮಂತ್ರದ ಕಾದಂಬರಿಗಳು. ಅವರ 'ತುಳಸಿದಳ' 1985ರಲ್ಲಿ ಕನ್ನಡ ಸಿನಿಮಾ ಆಯಿತು. ಪುಟ್ಟ ಹುಡುಗಿಯೊಬ್ಬಳ ಮೇಲೆ ಮಾಟ ನಡೆಯುತ್ತದೆ, ಕಣ್ಣೆದುರಿಗೇ ಅವಳು ಸೊರಗುತ್ತಾಳೆ. ವೈದ್ಯವಿದ್ಯೆಗೂ ಮಂತ್ರವಿದ್ಯೆಗೂ ಅಲ್ಲಿ ಸರಿಸಮ ಜಾಗ. ತೆಲುಗು ಲೇಖಕಿ ರಂಗನಾಯಕಮ್ಮ ಇದನ್ನು ಸಹಿಸಲಿಲ್ಲ. ಇದು ತುಳಸಿಯಲ್ಲ, ಗಾಂಜಾ ಎಂದು ಒಂದು ಪುಸ್ತಕವನ್ನೇ ಬರೆದರು.

ಅಂಜಿಸುವ ಕಥೆಯ ಬಗ್ಗೆ ನನಗೆ ತಕರಾರಿಲ್ಲ. ದೆವ್ವದ ಕಥೆ ಪುಸ್ತಕ ಮುಚ್ಚಿದೊಡನೆ ಮುಗಿಯುತ್ತದೆ. ಮಾಟದ ಕಥೆ ಮುಗಿಯುವುದಿಲ್ಲ. ದೆವ್ವಕ್ಕೆ ಮನೆಯಿಲ್ಲ, ರೇಷನ್ ಕಾರ್ಡಿಲ್ಲ. ಮಾಟವನ್ನಾದರೋ ಯಾರೋ ಮಾಡಿರಲೇಬೇಕು.

ಇಂಥ ಕಾದಂಬರಿಗಳಲ್ಲಿ ಅಮಾವಾಸ್ಯೆ ಮಾಂತ್ರಿಕನ ರಾತ್ರಿ. ವಿಜಯಪುರ ಜಿಲ್ಲೆಯ ಅರಕೇರಿಯಲ್ಲಿ ಅದು ಜನ ಅಮೋಘಸಿದ್ಧನ ಗುಡಿಗೆ ಹೋಗುವ ದಿನ. ಎಳ್ಳ ಅಮಾವಾಸ್ಯೆಗಂತೂ ತಿಕೋಟಾ, ಬಬಲೇಶ್ವರ ಕಡೆಯ ಹೊಲಗಳಲ್ಲಿ ಬಿಳಿಜೋಳದ ನಡುವೆ ಚರಗ ಚೆಲ್ಲಿ, ಬುತ್ತಿ ಬಿಚ್ಚಿ, ಸಜ್ಜಿ ರೊಟ್ಟಿ, ಭಜ್ಜಿ ಪಲ್ಲೆ, ಶೇಂಗಾ ಹೋಳಿಗೆ ಉಣ್ಣುತ್ತಾರೆ. ತಿಥಿಯಲ್ಲಿ ಅಂಜಿಕೆ ಇಲ್ಲ, ಅದನ್ನು ಹೇಳಿಕೊಟ್ಟವರಿದ್ದಾರೆ. ಇದೇ ಸೀಮೆಯಲ್ಲಿ ಮೂರು ದಾರಿ ಕೂಡುವಲ್ಲಿ ಕುಂಕುಮ ಹಚ್ಚಿದ ನಿಂಬೆಹಣ್ಣು ಬಿದ್ದಿದ್ದರೆ ಬೈಕಿನವರು ಬಳಸಿಕೊಂಡು ಹೋಗುತ್ತಾರೆ. ಕೂಸು ಉಣ್ಣದೆ ಬಡಕಲಾದರೆ ರಕ್ತ ತಪಾಸಣೆಗಿಂತ ಮೊದಲು 'ಯಾರೋ ಮಾಡಿಸ್ಯಾರ' ಎಂಬ ಮಾತು ಬರುತ್ತದೆ. ಆ 'ಯಾರೋ' ಬಹಳ ದಿನ ಹೆಸರಿಲ್ಲದೆ ಉಳಿಯುವುದಿಲ್ಲ. ಗಂಡ ಸತ್ತ ಹೆಂಗಸು, ಮಕ್ಕಳಿಲ್ಲದ ಮುದುಕಿ, ಬದುವಿನ ಜಗಳವಿರುವ ದಾಯಾದಿ: ಬೆರಳು ಹೋಗುವುದು ಇಂಥವರ ಕಡೆಗೇ. ಆಮೇಲೆ ಅಂಥ ಹೆಂಗಸಿನ ಮನೆಯ ಮಜ್ಜಿಗೆಯನ್ನು ಯಾರೂ ಮುಟ್ಟುವುದಿಲ್ಲ, ಆಕೆ ಎತ್ತಿಕೊಂಡ ಕೂಸನ್ನು ತಾಯಿ ಬಂದು ಕಸಿದುಕೊಳ್ಳುತ್ತಾಳೆ. ಅಮಾನವೀಯ ಆಚರಣೆ ಮತ್ತು ವಾಮಾಚಾರದ ವಿರುದ್ಧ ಕರ್ನಾಟಕ 2017ರಲ್ಲಿ ಕಾಯ್ದೆ ಮಾಡಿತು, 2020ರ ಜನವರಿಯಲ್ಲಿ ಅದು ಜಾರಿಗೆ ಬಂತು. ಬೇಕಾಗಿದ್ದ ಕಾಯ್ದೆಯೇ. ಆದರೆ ಮಜ್ಜಿಗೆ ಮುಟ್ಟದವರ ಮೇಲೆ ಯಾವ ಠಾಣೆಯಲ್ಲಿ ದೂರು ಕೊಡಬೇಕು?

ಯಂಡಮೂರಿಯವರಿಗೆ ಈ ಅನ್ಯಾಯ ತಿಳಿಯದ್ದಲ್ಲ. ಅದಕ್ಕೇ ನನಗೆ ಹೆಚ್ಚು ಸಂಕಟ. 1983ರಲ್ಲಿ ಚಿರಂಜೀವಿ ಅಭಿನಯದಲ್ಲಿ ಸಿನಿಮಾ ಆದ 'ಅಭಿಲಾಷ' ಕಾದಂಬರಿಯಲ್ಲಿ ಅವರ ವಕೀಲ ಗಲ್ಲುಶಿಕ್ಷೆಯ ವಿರುದ್ಧ ನಿಲ್ಲುತ್ತಾನೆ. ನಿರಪರಾಧಿಯೂ ಗಲ್ಲಿಗೆ ಹೋಗಬಹುದೆಂದು ತೋರಿಸಲು ತನ್ನ ಜೀವವನ್ನೇ ಪಣಕ್ಕಿಡುತ್ತಾನೆ. ಅಪರಾಧ ಮಾಡದವನಾಗಿದ್ದರೆ ಏನು ಗತಿ ಎಂಬುದೇ ಅಲ್ಲಿಯ ಪ್ರಶ್ನೆ. ಮಾಟದ ಕಾದಂಬರಿಯಲ್ಲಿ ಆ ಪ್ರಶ್ನೆಗೆ ಜಾಗವೇ ಇಲ್ಲ. ಆರೋಪ ಹೊತ್ತವನು ಅಲ್ಲಿ ನಿಜಕ್ಕೂ ಮಾಟ ಮಾಡಿರುತ್ತಾನೆ.